ವಸಡಿನ ರಕ್ತ, ಬಾಯುರಿ ಮತ್ತು ಒಂದು ಹಳೆಯ ಡಿಸ್ಚಾರ್ಜ್ ಕಾರ್ಡ್

ಆಕೆಗೆ 48 ವರ್ಷ. ಹಾಸನದ ಕಡೆಯವರು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಹೆಸರು, ಊರು ಬೇಡ. ಗುರುತು ಸಿಗಬಾರದು ಅಂತ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ಬರುವ ಮೊದಲು ಇನ್ನೊಂದು ಕಡೆ ತೋರಿಸಿದ್ದರು. ಅಲ್ಲಿ ಬಾಯಿ ನೋಡಿ, "ವಸಡೆಲ್ಲ ಹೋಗಿದೆ, ಎಲ್ಲಾ ತೆಗೆಸಿ ಸೆಟ್ ಹಾಕಿಸ್ಕೊಳ್ಳಿ" ಅಂದಿದ್ದರಂತೆ. ಆ ಮಾತು ಕೇಳಿದ ಮೇಲೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿದ್ದು ಅದನ್ನೇ: "ಮೇಡಂ, ನಿಜವಾಗ್ಲೂ ಎಲ್ಲಾ ಕೀಳ್ಬೇಕಾ?"

ಅವರ ತೊಂದರೆ ಮೂರು. ಹಲ್ಲುಜ್ಜಿದಾಗ ವಸಡಿನಿಂದ ರಕ್ತ, ಎರಡು ವರ್ಷದಿಂದ. ಬಾಯುರಿ, ಒಂದು ವರ್ಷದಿಂದ. ಮೇಲಿನ ಬಲಗಡೆಯ ಒಂದು ದವಡೆ ಹಲ್ಲು ಅಲ್ಲಾಡುತ್ತಿತ್ತು. ಆದರೆ ಅವರನ್ನು ಹೆಚ್ಚು ಕಂಗೆಡಿಸಿದ್ದು ಅಲ್ಲಾಡುವ ಹಲ್ಲಲ್ಲ, ರುಚಿ. ಮಕ್ಕಳಿಗೆ ಬಡಿಸುವ ಮೊದಲು ಸಾಂಬಾರಿನ ಉಪ್ಪು ಖಾರ ನೋಡಬೇಕು. ನಾಲಿಗೆ ತುದಿಗೆ ಸಾಂಬಾರು ತಾಗಿದರೆ ಕೆಂಡ ಇಟ್ಟ ಹಾಗಾಗುತ್ತದೆ ಅಂದರು. ಕೊನೆಗೆ ಜೊತೆಗಾರ್ತಿಯ ಕೈಲಿ ರುಚಿ ನೋಡಿಸಿ, ತಾವು ಸುಮ್ನೆ ತಲೆ ಆಡಿಸುತ್ತಿದ್ದರಂತೆ. ವರ್ಷಗಟ್ಟಲೆ ನೂರಾರು ಮಕ್ಕಳಿಗೆ ಅಡುಗೆ ಮಾಡಿದ ಕೈ ಅದು. ಈ ಮಾತು ಹೇಳುವಾಗ ಅವರ ಕಣ್ಣು ತುಂಬಿತು.

ಮನೆಯವರೆಲ್ಲ ಹೇಳಿದ್ದು ಒಂದೇ, "ಉಷ್ಣ". ಹಾಗಾಗಿ ಎಳನೀರು, ಮಜ್ಜಿಗೆ, ನೆನೆಸಿದ ಮೆಂತ್ಯ, ನೆತ್ತಿಗೆ ಹರಳೆಣ್ಣೆ ಎಲ್ಲಾ ಆಗಿತ್ತು. ಇವುಗಳಿಂದ ನಷ್ಟವೇನಿಲ್ಲ. ಆದರೆ ಎಲ್ಲಕ್ಕೂ ಉಷ್ಣ ಅನ್ನುವ ಒಂದೇ ಉತ್ತರ ಸಿಕ್ಕಿಬಿಟ್ಟರೆ ಯಾರೂ ಮುಂದಕ್ಕೆ ಹುಡುಕುವುದಿಲ್ಲ. ಇವರ ವಿಷಯದಲ್ಲಿ ಎರಡು ವರ್ಷ ಕಳೆದದ್ದು ಹೀಗೆ.

ಇನ್ನೊಂದು ವಿಷಯ ಮಾತಿನ ನಡುವೆ ಹೊರಬಂತು. ಬಾಯಿ ಒಣಗುತ್ತದೆ ಅಂದಾಗ, "ಅದಕ್ಕೇನು ಮಾಡ್ತೀರ ಅಕ್ಕಾ?" ಅಂತ ಕೇಳಿದೆ. ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದರು. ನಾಲ್ಕಾರು ಕಲ್ಲುಸಕ್ಕರೆ, ಎರಡು ಲವಂಗ, ಒಂದು ಅಡಿಕೆ ಚೂರು. ಬೆಳಗ್ಗೆ ಒಲೆ ಹಚ್ಚಿದಾಗಿನಿಂದ ಪಾತ್ರೆ ತೊಳೆಯುವ ತನಕ ಏನಾದರೊಂದು ಬಾಯಲ್ಲಿ ಇರುತ್ತಿತ್ತು. ಕಲ್ಲುಸಕ್ಕರೆ ಹಲ್ಲಿನ ಬುಡ ಕೊರೆಯುತ್ತಿತ್ತು. ಲವಂಗ ಮೊದಲೇ ಉರಿಯುವ ನಾಲಿಗೆಯನ್ನು ಇನ್ನಷ್ಟು ಕೆಣಕುತ್ತಿತ್ತು. ಅಡಿಕೆಯ ಮಾತು ಬೇರೆಯೇ ಇದೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಬಾಯಿ ತೆರೆಸಿ ಕೆನ್ನೆ ಸರಿಸಲು ಕನ್ನಡಿ ಇಟ್ಟೆ. ಕನ್ನಡಿ ಜಾರಲಿಲ್ಲ, ಕೆನ್ನೆಯ ಒಳಮೈಗೆ ಅಂಟಿಕೊಂಡಿತು. ಒಣಬಾಯಿಗೆ ಇದಕ್ಕಿಂತ ಸರಳ ಗುರುತು ಬೇಡ. ನಾಲಿಗೆ ಎತ್ತಿಸಿದರೆ ಕೆಳಗೆ ಎಂಜಲು ನಿಂತಿರಬೇಕು, ಇರಲಿಲ್ಲ. ಆರೋಗ್ಯವಂತರಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ವರೆಗೆ ಎಂಜಲು ಸುರಿಯುತ್ತದೆ. ಹಲ್ಲಿನ ಮೇಲೆ ಕೂತ ಆಮ್ಲವನ್ನು ತೊಳೆಯುವುದು ಅದು. ಸವೆದ ಕಡೆ ಸುಣ್ಣದ ಅಂಶವನ್ನು ಮತ್ತೆ ತುಂಬುವುದೂ ಅದೇ.

ವಸಡು ಕೆಂಪಾಗಿ, ತೆಳ್ಳಗೆ, ಹೊಳೆಯುತ್ತಿತ್ತು. ಸಂದಿನ ಆಳ ಅಳೆಯುವ ಸಣ್ಣ ಕಡ್ಡಿ, ಅಂದರೆ ಪ್ರೋಬ್, ತಾಗಿಸಿದ ಕಡೆಯೆಲ್ಲ ರಕ್ತ. ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ 3 ಮಿಲಿಮೀಟರ್ ಒಳಗಿದ್ದರೆ ಚಿಂತೆಯಿಲ್ಲ. ಇವರಿಗೆ ಕೆಳಗಿನ ಮುಂದಿನ ಹಲ್ಲುಗಳಲ್ಲಿ 5, ದವಡೆ ಹಲ್ಲುಗಳಲ್ಲಿ 5ರಿಂದ 6 ಇತ್ತು. ಅಲ್ಲಾಡುತ್ತಿದ್ದ ಹಲ್ಲಿನಲ್ಲಿ 10. ಎಕ್ಸ್-ರೇಯಲ್ಲಿ ಆ ಒಂದು ಹಲ್ಲಿನ ಸುತ್ತ ಮೂಳೆಯೇ ಉಳಿದಿರಲಿಲ್ಲ. ಉಳಿದ ಹಲ್ಲುಗಳ ಬುಡದಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಳೆ ಇತ್ತು. ಅಂದರೆ ಹೋಗಿದ್ದು ಒಂದು ಹಲ್ಲು, ಇಡೀ ಬಾಯಿ ಅಲ್ಲ. ಎಕ್ಸ್-ರೇ ತೋರಿಸಿ ಇದನ್ನು ಮೊದಲು ಹೇಳಿದೆ. ಆಮೇಲೇ ಅವರು ಕುರ್ಚಿಗೆ ಬೆನ್ನು ಒರಗಿಸಿದ್ದು.

ಕೆಳಗಿನ ಎರಡು ದವಡೆ ಹಲ್ಲುಗಳ ಬುಡದಲ್ಲಿ ಹುಳುಕು ಶುರುವಾಗಿತ್ತು. ನಾಲಿಗೆಯ ಅಂಚು ನುಣ್ಣಗಾಗಿತ್ತು. ಹುಣ್ಣಿಲ್ಲ, ಕೆನ್ನೆಯಲ್ಲಿ ಬಲೆಯಂಥ ಬಿಳಿ ಗೆರೆ ಇಲ್ಲ, ಫಂಗಸ್ಸಿನ ಬಿಳಿ ಪದರವೂ ಇಲ್ಲ.

ಆಗ ಕೇಳಿದೆ, "ಮುಟ್ಟು ನಿಂತು ಎಷ್ಟು ವರ್ಷ ಆಯ್ತು ಅಕ್ಕಾ?"

ಅವರು ಬಾಗಿಲ ಬಳಿ ನಿಂತಿದ್ದ ಮಗನ ಕಡೆ ನೋಡಿದರು. ಅವನನ್ನು ಹೊರಗೆ ಕೂರಿಸಿದೆವು. ಆಮೇಲೂ ಸ್ವಲ್ಪ ತಡೆದು, "ಹಲ್ಲಿಗೂ ಅದಕ್ಕೂ ಏನ್ ಸಂಬಂಧ ಮೇಡಂ?" ಅಂದರು. ನಂತರ ಹೇಳಿದರು: "ಗರ್ಭಕೋಶ ತೆಗೆಸಿ ಏಳು ವರ್ಷ ಆಯ್ತು. ಗಡ್ಡೆ ಇತ್ತು, ತುಂಬಾ ಬ್ಲೀಡಿಂಗ್ ಆಗ್ತಿತ್ತು." ಅಂಡಾಶಯ ಉಳಿಸಿದ್ದಾರಾ, ತೆಗೆದಿದ್ದಾರಾ ಅಂತ ಕೇಳಿದರೆ ಗೊತ್ತಿಲ್ಲ ಅಂದರು. ಬಹಳಷ್ಟು ಹೆಂಗಸರಿಗೆ ಗೊತ್ತಿರುವುದಿಲ್ಲ. "ಗರ್ಭಕೋಶ ತೆಗೀತೀವಿ" ಅನ್ನುವುದರೊಳಗೆ ಎಲ್ಲಾ ಸೇರಿಹೋಗಿರುತ್ತದೆ. ಹಳೆಯ ಡಿಸ್ಚಾರ್ಜ್ ಕಾರ್ಡ್ ಹುಡುಕಿ ತನ್ನಿ ಅಂದೆ. ಮುಂದಿನ ಸಲ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟು ತಂದರು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆಗ ಅವರಿಗೆ 41 ವರ್ಷ.

ಈ ಪ್ರಕರಣದ ಬೀಗ ತೆರೆದದ್ದು ಆ ಕಾರ್ಡು. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ, ಅಂಡಾಶಯದಲ್ಲಿ ತಯಾರಾಗುವ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್ ಏರಿಳಿಯುತ್ತಾ ಕಡಿಮೆಯಾಗುತ್ತದೆ, ದೇಹ ಹೇಗೋ ಹೊಂದಿಕೊಳ್ಳುತ್ತದೆ. ಅಂಡಾಶಯ ತೆಗೆದರೆ ಒಂದೆರಡು ದಿನದಲ್ಲೇ ಅದು ಕುಸಿಯುತ್ತದೆ. ಈಸ್ಟ್ರೊಜೆನ್ ಗರ್ಭಕೋಶಕ್ಕೆ ಮಾತ್ರ ಬೇಕಾದದ್ದಲ್ಲ. ವಸಡು, ಬಾಯಿಯ ಒಳಚರ್ಮ, ಎಂಜಲಿನ ಗ್ರಂಥಿ, ಮೂಳೆ, ಎಲ್ಲವೂ ಅದರ ಮಾತು ಕೇಳುತ್ತವೆ. ಅದು ಇಳಿದಾಗ ಚರ್ಮ ತೆಳ್ಳಗಾಗುತ್ತದೆ, ಎಂಜಲು ಕಡಿಮೆಯಾಗಬಹುದು, ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತದೆ. ವಸಡಿನಲ್ಲಿ ಚೂರು ಗಾರೆ, ಅಂದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ, ಇದ್ದರೂ ಊತ, ರಕ್ತ ಜೋರಾಗುತ್ತದೆ.

ಇಷ್ಟು ಚಿಕ್ಕ ವಯಸ್ಸಿಗೆ ಅಂಡಾಶಯ ತೆಗೆದ ಮೇಲೆ ಮೂಳೆಯ ಬಗ್ಗೆ, ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಆಗಲೇ ಕೂರಿಸಿ ಮಾತಾಡಬೇಕಿತ್ತು. ಯಾರೂ ಮಾತಾಡಿರಲಿಲ್ಲ. ನನಗೆ ಸಿಟ್ಟು ಬಂದದ್ದು ನಿಜ. ಗರ್ಭಕೋಶ ತೆಗೆಸಿದವರು ನಮ್ಮ ಹಳ್ಳಿಗಳಲ್ಲಿ ಕಡಿಮೆ ಇಲ್ಲ. "ಅದೊಂದು ಕಾಟ ತಪ್ಪಿತು" ಅಂತ ಮನೆಗೆ ಹೋಗುತ್ತಾರೆ. ಮುಂದೆ ಕೈಮೂಳೆ ಮುರಿದಾಗ, ಬಾಯಿ ಉರಿದಾಗ ಯಾರಿಗೂ ಆ ಆಪರೇಷನ್ ನೆನಪಾಗುವುದಿಲ್ಲ.

ಇವರಿಗೆ ಕೈಮೂಳೆ ಮುರಿದೂ ಇತ್ತು. ಹಿಂದಿನ ವರ್ಷ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ, ಕೈಯೂರಿ, ಮಣಿಕಟ್ಟು ಮುರಿದಿತ್ತು. ಮೂಳೆ ಡಾಕ್ಟರು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದರು. ಬೆನ್ನುಮೂಳೆಯ ಟಿ-ಸ್ಕೋರ್ -2.8. -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೊಸಿಸ್, ಅಂದರೆ ಮೂಳೆ ಸವೆತ. ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಬರೆದಿದ್ದರು. ಹಣ ಹೊಂದಿಸಿಕೊಂಡು ಹಾಕಿಸೋಣ ಅಂತ ಇವರು ಮುಂದೂಡಿದ್ದರು. ಹಲ್ಲಿನ ಡಾಕ್ಟರಿಗೆ ಇದನ್ನು ಹೇಳಬೇಕು ಅಂತ ಗೊತ್ತೇ ಇರಲಿಲ್ಲ.

ಹಾಗಂತ ಎಲ್ಲಾ ಭಾರವನ್ನೂ ಹಾರ್ಮೋನಿನ ಮೇಲೆ ಹಾಕಿ ಕೈ ತೊಳೆದುಕೊಂಡರೆ ಅದೂ ತಪ್ಪೇ. ಉಷ್ಣದ ಜಾಗದಲ್ಲಿ ಹಾರ್ಮೋನ್ ಅನ್ನುವ ಇನ್ನೊಂದು ಹಣೆಪಟ್ಟಿ ಅಂಟಿಸಿದಂತಾಗುತ್ತದೆ, ಅಷ್ಟೇ. ಹಾರ್ಮೋನ್ ಇಳಿದ ಮಾತ್ರಕ್ಕೆ ಹಲ್ಲು ಸಡಿಲವಾಗುವುದಿಲ್ಲ. ಗಾರೆ ಬೇಕು, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬೇಕು. ಇವರು ಕಪ್ಪು ಹಲ್ಲುಪುಡಿಯನ್ನು ಬೆರಳಿನಲ್ಲಿ ಗಸಗಸ ತಿಕ್ಕುತ್ತಿದ್ದರು. ಹಲ್ಲಿನ ಮುಂಭಾಗ ಸವೆದಿತ್ತು, ಸಂದಿಯಲ್ಲಿ ಗಾರೆ ಹಾಗೇ ಕೂತಿತ್ತು.

ರಕ್ತ ಪರೀಕ್ಷೆ ಮಾಡಿಸಿದೆವು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 7.8 ಬಂತು. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ಇವರಿಗೆ ಅದು ಇದೆ ಅಂತ ಅವತ್ತೇ ಗೊತ್ತಾದದ್ದು. ಬಿ12 148 ಇತ್ತು, 200ಕ್ಕಿಂತ ಕಡಿಮೆ ಅಂದರೆ ಕೊರತೆ. ಹಿಮೋಗ್ಲೋಬಿನ್ 10.2. ಥೈರಾಯ್ಡ್ ಸರಿಯಿತ್ತು. ಬಿಪಿ ಮಾತ್ರೆಗಳಲ್ಲಿ ಅಮ್ಲೊಡಿಪಿನ್ ಕೆಲವರಿಗೆ ವಸಡು ಊದಿಸುತ್ತದೆ, ಆದರೆ ಇವರದು ಟೆಲ್ಮಿಸಾರ್ಟಾನ್, ಹಾಗಾಗಿ ಆ ಅನುಮಾನ ಬಿಟ್ಟೆವು. ಸಿಕ್ಕಿಬಿದ್ದದ್ದು ಇನ್ನೊಂದು ಮಾತ್ರೆ. ಒಗ್ಗರಣೆಯ ಘಾಟಿಗೆ ಸೀನು ಬರುತ್ತದೆ ಅಂತ ಮೆಡಿಕಲ್ ಶಾಪಿನಿಂದ ಸೆಟಿರಿಜಿನ್ ತಂದು ದಿನಾ ರಾತ್ರಿ ನುಂಗುತ್ತಿದ್ದರು. ಅದೂ ಬಾಯಿ ಒಣಗಿಸುತ್ತದೆ. "ಮಾತ್ರೆ ಏನಾದ್ರೂ ತಗೋತೀರಾ" ಅಂದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಗಡಿ ಮಾತ್ರೆ, ನಿದ್ದೆ ಮಾತ್ರೆ, ಗ್ಯಾಸ್ ಮಾತ್ರೆ ಅಂತ ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು.

ಈಗ ಚಿಕಿತ್ಸೆ. ಇಲ್ಲಿ ಯಾವುದು ಮೊದಲು ಅನ್ನುವುದೇ ಮುಖ್ಯ. ಜೊಲೆಡ್ರೊನಿಕ್ ಆಸಿಡ್ ಮೂಳೆ ಕರಗುವುದನ್ನು ತಡೆಯುತ್ತದೆ, ಸೊಂಟ ಮುರಿಯದಂತೆ ಕಾಪಾಡುತ್ತದೆ. ಆದರೆ ಅಪರೂಪಕ್ಕೆ, ಈ ಔಷಧ ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ದವಡೆ ಮೂಳೆ ಹೊರಗೆ ಕಾಣುವ ತೊಂದರೆ ಬರುತ್ತದೆ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು ಹತ್ತು ಸಾವಿರ ಜನರಲ್ಲಿ 2ರಿಂದ 5 ಮಂದಿಗೆ ಮಾತ್ರ. ಕ್ಯಾನ್ಸರ್ ರೋಗಿಗಳಿಗೆ ಪದೇ ಪದೇ ಕೊಡುವಾಗ ಅಪಾಯ ಜಾಸ್ತಿ. ಆದ್ದರಿಂದ ಇಂಜೆಕ್ಷನ್ನಿಗೆ ಹೆದರಬೇಕಿಲ್ಲ. ಕೀಳಲೇಬೇಕಾದ ಹಲ್ಲಿದ್ದರೆ ಮೊದಲು ಕಿತ್ತು, ಗಾಯ ಮಾಯಿಸಿಕೊಂಡು ಹೋಗಬೇಕು. ಮೂಳೆ ಡಾಕ್ಟರಿಗೆ ಚೀಟಿ ಬರೆದೆ. ಅವರು ಫೋನ್ ಮಾಡಿ, ಸಕ್ಕರೆಯೂ ಹತೋಟಿಗೆ ಬರಲಿ, ಎರಡು ತಿಂಗಳು ಕಾಯೋಣ ಅಂದರು. ಇಬ್ಬರು ಡಾಕ್ಟರು ಮಾತಾಡಿಕೊಂಡ ಆ ಐದು ನಿಮಿಷವೂ ಚಿಕಿತ್ಸೆಯೇ ಅಂತ ನಾನು ನಂಬುತ್ತೇನೆ.

ಇಂಜೆಕ್ಷನ್ ಆಗಲೇ ಹಾಕಿಸಿಕೊಂಡವರು ಇದನ್ನು ಓದಿ ಗಾಬರಿಯಾಗಬೇಡಿ. ಕ್ಲೀನಿಂಗ್, ಹುಳುಕು ತುಂಬುವುದು ಎಲ್ಲಾ ಧೈರ್ಯವಾಗಿ ಮಾಡಿಸಬಹುದು. ನಿಮ್ಮಷ್ಟಕ್ಕೆ ಔಷಧ ನಿಲ್ಲಿಸಬೇಡಿ. ಅದರಲ್ಲೂ ಮೂಳೆ ಸವೆತಕ್ಕೇ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ತಪ್ಪಿಸಿದರೆ ಬೆನ್ನುಮೂಳೆ ಕುಸಿಯುವ ಅಪಾಯವಿದೆ.

ಇವರಿಗೆ ಸಕ್ಕರೆಗೆ ಮೆಟ್‌ಫಾರ್ಮಿನ್, ಬಿ12 ಇಂಜೆಕ್ಷನ್ ಎರಡೂ ತಾಲ್ಲೂಕು ಆಸ್ಪತ್ರೆಯಲ್ಲಿ ಶುರುವಾದವು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಅದೇ ಬಿ12 ಇಳಿಸಬಹುದು. ಹಾಗಾಗಿ ವರ್ಷಕ್ಕೊಮ್ಮೆ ಬಿ12 ನೋಡಿಸಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಸೆಟಿರಿಜಿನ್ ನಿಂತಿತು. ಒಗ್ಗರಣೆ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ.

ಕ್ಲೀನಿಂಗಿಗೆ ಒಪ್ಪಿಸುವುದು ಕಷ್ಟವಾಯಿತು. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗತ್ತಂತೆ ಅಲ್ವಾ?" ಈ ಪ್ರಶ್ನೆ ಕೇಳದ ದಿನವೇ ಇಲ್ಲ. ಕೈಗೆ ಕನ್ನಡಿ ಕೊಟ್ಟು, ಕೆಳಗಿನ ಮುಂದಿನ ಹಲ್ಲುಗಳ ಒಳಗಡೆ ಕೂತ ಗಾರೆ ತೋರಿಸಿದೆ. ಹಲ್ಲು ಹಲ್ಲಿನ ನಡುವೆ ಸಂದಿಯೇ ಕಾಣದಷ್ಟು ಗಟ್ಟಿಯಾಗಿ ತುಂಬಿತ್ತು. ಅದು ಹೋದ ಮೇಲೆ ಸಂದಿ ಕಾಣುತ್ತದೆ, ಊತ ಇಳಿದು ವಸಡು ಕೆಳಗೆ ಸರಿಯುತ್ತದೆ, ಕೆಲವು ವಾರ ತಣ್ಣೀರಿಗೆ ಜುಂ ಅನ್ನುತ್ತದೆ. ಸಡಿಲವಾದ ಹಾಗೆ ಅನ್ನಿಸುವುದು ಇದರಿಂದ. ಮೂಳೆ ತಿಂದು ಹಾಕುವುದು ಗಾರೆಯಲ್ಲಿರುವ ಬ್ಯಾಕ್ಟೀರಿಯಾ, ಕ್ಲೀನಿಂಗ್ ಅಲ್ಲ. ಮೊದಲೇ ಇಷ್ಟು ಹೇಳಿಬಿಟ್ಟರೆ ಆಮೇಲೆ ಜಗಳವಿಲ್ಲ.

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬಾಯಿಯ ಒಂದೊಂದೇ ಭಾಗವನ್ನು ವಸಡಿನ ಒಳಗಿನ ತನಕ ಕ್ಲೀನ್ ಮಾಡಿದೆವು. ಅಲ್ಲಾಡುವ ಹಲ್ಲು ಕಿತ್ತೆವು. ಬುಡದ ಹುಳುಕಿಗೆ ಗ್ಲಾಸ್ ಅಯನೊಮರ್ ತುಂಬಿ, ಎಲ್ಲಾ ಹಲ್ಲುಗಳ ಬುಡಕ್ಕೂ ಫ್ಲೋರೈಡ್ ವಾರ್ನಿಶ್ ಹಚ್ಚಿದೆವು. ಹಲ್ಲಿನ ಬುಡಕ್ಕೆ ಎನಾಮಲ್ಲಿನ ಹೊದಿಕೆ ಇಲ್ಲ. ಎನಾಮಲ್ ಕರಗದಷ್ಟು ಕಡಿಮೆ ಆಮ್ಲಕ್ಕೂ ಅದು ಕರಗುತ್ತದೆ. ವಸಡು ಸರಿದವರಿಗೆ, ಎಂಜಲು ಕಡಿಮೆಯಿರುವವರಿಗೆ ಫ್ಲೋರೈಡ್ ಬೇಕೇ ಬೇಕು. ಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಪಾವಗಡ, ಕೋಲಾರದ ಕಡೆಯವರು "ನಮ್ಗೆ ಫ್ಲೋರೈಡೇ ಕಾಟ" ಅನ್ನುತ್ತಾರೆ. ಅದು ಕುಡಿಯುವ ನೀರಿನ ಮಾತು. ದೊಡ್ಡವರು ಹಲ್ಲಿಗೆ ಹಚ್ಚಿ ಉಗಿಯುವ ಪೇಸ್ಟಿಗೆ ಆ ಭಯ ಬೇಡ.

ಹಲ್ಲುಪುಡಿ ಹೋಗಿ ಮೆತ್ತನೆಯ ಬ್ರಷ್ ಬಂತು. ಬ್ರಷ್ಷನ್ನು ವಸಡು ಮತ್ತು ಹಲ್ಲು ಸೇರುವ ಗೆರೆಗೆ ಓರೆಯಾಗಿ ಇಟ್ಟು, ಜಾಗ ಬಿಡದೆ ಸಣ್ಣಗೆ ಅಲ್ಲಾಡಿಸಬೇಕು. ಗಟ್ಟಿಯಾಗಿ ತಿಕ್ಕಬಾರದು. ರಕ್ತ ಬಂತು ಅಂತ ಆ ಜಾಗ ಬಿಡಲೂ ಬಾರದು. ಸಂದಿಗೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್. ಪೇಸ್ಟ್ ಖಾರ ಅನ್ನಿಸಿದ್ದರಿಂದ ಪುದೀನದ ಘಾಟು ಇಲ್ಲದ, ನೊರೆ ಕಡಿಮೆ ಇರುವ ಫ್ಲೋರೈಡ್ ಪೇಸ್ಟ್ ಹುಡುಕಿಕೊಟ್ಟೆವು. ಕ್ಲೋರ್‌ಹೆಕ್ಸಿಡಿನ್ ಅನ್ನುವ ಮುಕ್ಕಳಿಸುವ ಔಷಧ ಎರಡು ವಾರ ಮಾತ್ರ. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಕಟ್ಟುತ್ತದೆ, ರುಚಿಯೂ ಕೆಡುತ್ತದೆ. ರುಚಿಗಾಗಿ ಅಳುತ್ತಾ ಬಂದವರಿಗೆ ಅದನ್ನು ತಿಂಗಳುಗಟ್ಟಲೆ ಕೊಡುವುದುಂಟಾ? ಆಮೇಲೆ ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಲು ಹೇಳಿದೆ, ಅಷ್ಟೇ.

ಸೆರಗಿನ ಗಂಟಿನಲ್ಲಿ ಈಗ ಸಕ್ಕರೆ ಇಲ್ಲದ ಜೈಲಿಟಾಲ್ ಚ್ಯೂಯಿಂಗ್ ಗಮ್. ಜಗಿದರೆ ಎಂಜಲು ಊರುತ್ತದೆ. ಮೊದಮೊದಲು ನಾಚಿಕೆಪಟ್ಟರು. ಪಕ್ಕದಲ್ಲಿ ನೀರಿನ ಬಾಟಲಿ ಇರುತ್ತದೆ. ಬೆಳಗ್ಗೆಯೆಲ್ಲ ಗುಟುಕು ಗುಟುಕಾಗಿ ಕುಡಿಯುತ್ತಿದ್ದ ಸಿಹಿ ಟೀ ಈಗ ಒಂದೇ ಸಲಕ್ಕೆ, ಸಕ್ಕರೆ ಇಲ್ಲದೆ.

ಉರಿಯ ಕಥೆ ನಿಧಾನದ್ದು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಬಾಯುರಿ ಹೆಚ್ಚು ಕಾಣುತ್ತದೆ. ಬೆಳಗ್ಗೆ ಕಡಿಮೆ, ಸಂಜೆಗೆ ಜಾಸ್ತಿ, ನೋಡಿದರೆ ಬಾಯಲ್ಲಿ ಏನೂ ಕಾಣುವುದಿಲ್ಲ. ಏನೂ ಕಾಣದಿದ್ದಾಗ "ಎಲ್ಲಾ ನಿಮ್ಮ ಮನಸ್ಸಿಂದು" ಅಂದುಬಿಡುತ್ತಾರೆ. ಆ ಮಾತು ಉರಿಗಿಂತ ನೋಯಿಸುತ್ತದೆ. ಉರಿ ನಿಜ, ಅದನ್ನು ಹೊತ್ತು ತರುವ ನರಗಳ ತೊಂದರೆಯೂ ನಿಜ. ಆದರೆ ಇದು ನರದ ಬಾಯುರಿ ಅಂತ ಹೆಸರು ಕೊಡುವ ಮೊದಲು ಬಿ12, ಕಬ್ಬಿಣ, ಸಕ್ಕರೆ, ಥೈರಾಯ್ಡ್, ಫಂಗಸ್, ಮಾತ್ರೆ ಎಲ್ಲವನ್ನೂ ನೋಡಿ ಮುಗಿಸಬೇಕು. ಇವರಿಗೆ ಉರಿಯ ದೊಡ್ಡ ಪಾಲು ಬಿ12 ಮತ್ತು ಒಣಬಾಯಿಯದೇ ಆಗಿತ್ತು. ಮೂರು ತಿಂಗಳಲ್ಲಿ ಬಹಳಷ್ಟು ಇಳಿಯಿತು. ಸಂಜೆ ಹೊತ್ತು ನಾಲಿಗೆ ತುದಿಯಲ್ಲಿ ಚೂರು ಉಳಿಯಿತು.

ಮೂರು ತಿಂಗಳ ಆ ಭೇಟಿ ಮುಗಿಸಿ ಹೊರಟವರು ಬಾಗಿಲಲ್ಲಿ ತಿರುಗಿ, ಮೆಲ್ಲಗೆ, "ಇದು ಕ್ಯಾನ್ಸರ್ ಇರಬಹುದಾ ಮೇಡಂ?" ಅಂದರು. ಅವರ ಅಮ್ಮ ಹೊಗೆಸೊಪ್ಪು ಹಾಕುತ್ತಿದ್ದರಂತೆ. ಮತ್ತೆ ಕೂರಿಸಿ ನಾಲಿಗೆಯ ಅಡಿ, ಅಂಚು, ಕೆನ್ನೆ, ಗಂಟಲು ಎಲ್ಲಾ ನೋಡಿ, ಕತ್ತು ಮುಟ್ಟಿ, ಅಲ್ಲ ಅಂದೆ. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಕ್ಷಣ ಬನ್ನಿ ಅಂತಲೂ ಹೇಳಿದೆ. ಉಳಿದ ಉರಿಗೆ ಔಷಧ ಇದೆ, ಬೇಕಾದರೆ ಕೊಡಿಸೋಣ ಅಂದಾಗ ಬೇಡ ಅಂದರು. "ಕ್ಯಾನ್ಸರ್ ಅಲ್ಲ ಅಂತ ಗೊತ್ತಾಯ್ತಲ್ಲ, ಇಷ್ಟು ತಡ್ಕೋತೀನಿ."

ಮೂರು ತಿಂಗಳಿಗೆ ಎಚ್‌ಬಿಎ1ಸಿ 6.9ಕ್ಕೆ ಬಂತು. ಬಹುಪಾಲು ಮಾತ್ರೆ ಮತ್ತು ಪಥ್ಯದ ಫಲ. ವಸಡಿನ ಸೋಂಕು ಇಳಿದರೆ ಸಕ್ಕರೆಯೂ ಸ್ವಲ್ಪ ಇಳಿಯುತ್ತದೆ, ಆ ಪಾಲೂ ಇರಬಹುದು. 5–6 ಇದ್ದ ಸಂದುಗಳು 3–4ಕ್ಕೆ ಬಂದವು. ಮೂಳೆಯ ಇಂಜೆಕ್ಷನ್ ಆಗಲೇ ಆಗಿತ್ತು, ಹಲ್ಲು ಕಿತ್ತ ಜಾಗ ಚೆನ್ನಾಗಿ ಮಾಯ್ದ ಮೇಲೆ. ಹಾರ್ಮೋನ್ ಚಿಕಿತ್ಸೆಯ ವಿಷಯಕ್ಕೆ ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆವು. ಮುಟ್ಟು ನಿಲ್ಲುವ ಸಹಜ ವಯಸ್ಸನ್ನು ಇವರು ದಾಟಿದ್ದಾರೆ, ಮೂಳೆಗೆ ಬೇರೆ ಔಷಧವೂ ಆಗಿದೆ ಅಂತ ಅವರು ಶುರು ಮಾಡಲಿಲ್ಲ. ಬರೀ ಹಲ್ಲು, ವಸಡಿಗಾಗಿ ಆ ಚಿಕಿತ್ಸೆ ಕೊಡುವುದಿಲ್ಲ.

ಎಲ್ಲಾ ಕಿತ್ತು ಸೆಟ್ ಹಾಕಿಸಿದ್ದರೆ ಏನಾಗುತ್ತಿತ್ತು? ಪೂರ್ತಿ ಸೆಟ್ ನಿಲ್ಲುವುದೇ ಎಂಜಲಿನ ತೆಳು ಪದರದ ಮೇಲೆ. ಒಣಬಾಯಲ್ಲಿ ಅದು ಜಾರುತ್ತದೆ, ತೆಳ್ಳಗಿನ ಚರ್ಮವನ್ನು ಉಜ್ಜಿ ಹುಣ್ಣು ಮಾಡುತ್ತದೆ. ಹಲ್ಲು ಹೋದ ದವಡೆಯ ಮೂಳೆ ಹೇಗೂ ಕರಗುತ್ತದೆ, ಸವೆತ ಇರುವವರಲ್ಲಿ ಸೆಟ್ ಇನ್ನೂ ಬೇಗ ಸಡಿಲವಾಗಬಹುದು. ಬಡವರಿಗೆ ಉಚಿತವಾಗಿ ಸೆಟ್ ಕೊಡುವ ದಂತಭಾಗ್ಯದಂಥ ಸರ್ಕಾರಿ ಯೋಜನೆ ಒಳ್ಳೆಯದೇ, ಹಲ್ಲೇ ಇಲ್ಲದವರಿಗೆ ಅದು ದೊಡ್ಡ ಆಸರೆ. ಆದರೆ ಉಳಿಯುವ ಹಲ್ಲನ್ನು 48ಕ್ಕೇ ಕಳೆಯುವುದು ಯಾವ ನ್ಯಾಯ?

ನಮ್ಮ ಕೇಸ್ ಶೀಟಿನಲ್ಲಿ 40 ದಾಟಿದ ಪ್ರತಿ ಹೆಣ್ಣುಮಗಳಿಗೂ ಈಗ ಈ ಪ್ರಶ್ನೆಗಳಿವೆ: ಮುಟ್ಟು ನಿಂತಿದೆಯಾ? ಗರ್ಭಕೋಶದ ಆಪರೇಷನ್ ಆಗಿದೆಯಾ, ಅಂಡಾಶಯ ಉಳಿದಿದೆಯಾ? ಬಿದ್ದು ಮೂಳೆ ಮುರಿದಿದ್ದುಂಟಾ? ಮೂಳೆಗೆ ಮಾತ್ರೆ, ಇಂಜೆಕ್ಷನ್ ಏನಾದರೂ? ಕೇಳುವುದು ನಮ್ಮ ನರ್ಸ್, ಜೊತೆಗೆ ಬಂದವರು ಹೊರಗೆ ಕೂತ ಮೇಲೆ.

ಆಕೆ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಸಾಂಬಾರಿನ ರುಚಿ ತಾವೇ ನೋಡುತ್ತಾರೆ. ಕೆಳಗಿನ ಮುಂದಿನ ಎರಡು ಹಲ್ಲುಗಳು ಇನ್ನೂ ಸ್ವಲ್ಪ ಅಲ್ಲಾಡುತ್ತವೆ, ಪಕ್ಕದ ಹಲ್ಲುಗಳಿಗೆ ಒಳಗಡೆಯಿಂದ ತಂತಿ ಅಂಟಿಸಿ ಕಟ್ಟಿದ್ದೇವೆ. ಎರಡನೇ ವರ್ಷದ ಇಂಜೆಕ್ಷನ್ ಹತ್ತಿರ ಬರುತ್ತಿದೆ. ಅದಕ್ಕೆ ಮೊದಲು ಒಂದು ಎಕ್ಸ್-ರೇ ತೆಗೆದು, ಆ ಎರಡು ಹಲ್ಲುಗಳ ಸುತ್ತ ಮೂಳೆ ಹೇಗಿದೆ ಅಂತ ನೋಡಬೇಕು.